ಒಂದನೇ ಕ್ಲಾಸಿನಲ್ಲಿ ಕರುಣನ್ ಮಾಷ್

"ಕೈ ಕಟ್ಟಿ ಕೂತ್ಕೊಳ್ಳಿ ಮಾಷೇ. ನೀವೇ ಕಟ್ಟದಿದ್ರೆ ಮಕ್ಕಳು ಹೇಗೆ ಕಟ್ತಾವೆ?"

ಕರುಣನ್ ಮಾಷ್ ಕೈ ಕಟ್ಟಿದರು. ಒಂದನೇ ಕ್ಲಾಸಿನ ಗಿಡ್ಡ ಬೆಂಚು, ಎಪ್ಪತ್ತು ದಾಟಿದ ಮೈ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪಕ್ಕದಲ್ಲಿ ಮೊಮ್ಮಗ ನಿವೇದ್, ಅಜ್ಜನ ಮುಂಡುಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದ. ಮಕ್ಕಳು ಕಿಸಕ್ಕನೆ ನಕ್ಕವು. ಪ್ರಸೀತಾ ಟೀಚರ್ ಗದರಲಿಲ್ಲ.

ಶಾಲೆ ತೆರೆದ ದಿನ ಬಾಗಿಲಿಗೆ ಬಲೂನು ಕಟ್ಟಿ, ಪಾಯಸ ಹಂಚಿ ಹೊಸ ಮಕ್ಕಳನ್ನು ಬರಮಾಡಿಕೊಂಡಿದ್ದರು. ಪಾಯಸ ಮುಗಿಯುವ ಮೊದಲೇ ಅರ್ಧ ಕ್ಲಾಸು ಅಳತೊಡಗಿತ್ತು. ಅಳುವ ಮಕ್ಕಳನ್ನು ಒಲಿಸುವುದರಲ್ಲಿ ಪ್ರಸೀತಾಳದು ಎತ್ತಿದ ಕೈ. ಒಬ್ಬಳಿಗೆ ಗಿಡಕ್ಕೆ ನೀರು ಹಾಕುವ ಕೆಲಸ, ಇನ್ನೊಬ್ಬನಿಗೆ ಗಂಟೆ ಬಾರಿಸುವ ಅಧಿಕಾರ, ಯಾವುದಕ್ಕೂ ಬಗ್ಗದವರಿಗೆ ಅವಳ ಮಡಿಲು. ಸ್ವಲ್ಪ ದಿನದಲ್ಲೇ ಎಲ್ಲರ ಅಳು ನಿಂತಿತು. ನಿವೇದ್ ಒಬ್ಬನನ್ನು ಬಿಟ್ಟು.

ಮೊದಲ ದಿನ ಅವನನ್ನು ಬಿಡಲು ಬಂದ ಮಾಷ್ ಬಾಗಿಲಲ್ಲಿ ನಿಂತು ವಿಚಾರಿಸಿದ್ದರು. ಇದೇ ಶಾಲೆಯ ಹಳೆಯ ಹೆಡ್‌ಮಾಸ್ತರು ಅವರು. ನಿವೃತ್ತರಾದರೂ ಕೇಳುವ ಗತ್ತು ಹೋಗಿರಲಿಲ್ಲ.

"ಟೀಚರು ಯಾರ ಮಗಳು?"

"ಬೀಡಿ ಕಟ್ತಿದ್ದ ಜಾನಕಿಯ ಮಗಳು."

ಮಾಷ್ ಕನ್ನಡಕ ತೆಗೆದು ಒರೆಸಿದರು. "ಹೌದಾ" ಅಂದರು. ಅಷ್ಟೇ.

ಮರೆತೇಬಿಟ್ಟಿದ್ದಾರೆ! ಪ್ರಸೀತಾಳ ಎದೆಯಲ್ಲಿ ಬೆಂಕಿ ಬಿತ್ತು. ಆಗಲೇ ನಿವೇದ್ "ಅಚ್ಚಾಚಾ, ಹೋಗ್ಬೇಡ" ಎಂದು ಅಜ್ಜನ ಕಾಲಿಗೆ ಜೋತುಬಿದ್ದ.

"ಮಗು ಹೊಂದಿಕೊಳ್ಳೋ ತನಕ ನೀವೂ ಪಕ್ಕದಲ್ಲಿ ಕೂತಿರಿ, ಮಾಷೇ."

"ಎಷ್ಟು ದಿನ?"

"ನಾನು ಸಾಕು ಅನ್ನೋ ತನಕ."

ಮಾಷ್ ಅವಳ ಮುಖವನ್ನೇ ನೋಡಿದರು. "ಟೀಚರ್ ಹೇಳಿದ ಹಾಗೆ" ಎಂದು ಬೆಂಚಿನ ಮೇಲೆ ಕುಸಿದರು.

ಆ ಕೋಣೆಯಲ್ಲೇ ಆರು ವರ್ಷದ ಪ್ರಸೀತಾ ಅಮ್ಮ ಬೇಕೆಂದು ಅತ್ತಿದ್ದಳು. ಮಾಷ್ ಅವಳ ರಟ್ಟೆ ಹಿಡಿದು ಜಗಲಿಗೆ ಎಳೆದೊಯ್ದು, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಕಿರುಬೆರಳು ಎತ್ತಿದರೆ, "ಮೊದಲು ಅಳು ನಿಲ್ಲಿಸು, ಆಮೇಲೆ" ಎಂದಿದ್ದರು. ನಿಂತಲ್ಲೇ ಲಂಗ ಒದ್ದೆಯಾಯಿತು. ಮಾಷ್ ಇಡೀ ಕ್ಲಾಸನ್ನು ಹೊರಗೆ ಕರೆದರು. "ಬನ್ರೋ, ನೋಡಿ. ಜಾನಕಿಯ ಮಗಳು ತೋಡು ಹರಿಸಿದ್ದಾಳೆ."

ಹಳ್ಳ ಹರಿಸಿದವಳೆಂದು ಅಂದಿನಿಂದ ಅವಳು ತೋಡು ಪ್ರಸೀತಾ. ಹೈಸ್ಕೂಲು ಮುಗಿಯುವವರೆಗೂ ಆ ಹೆಸರು ಬಿಡಲಿಲ್ಲ. ಮದುವೆ ಊಟದ ಪಂಕ್ತಿಯಲ್ಲೂ ಯಾರೋ ಅದನ್ನು ಪಿಸುಗುಟ್ಟಿ ನಕ್ಕಿದ್ದರು.

ಈಗ ಬೆಂಚಿನ ಮೇಲೆ ಅದೇ ಮಾಷ್. ಅವಳು ಅವರಿಂದ ಆನೆಯ ಹಾಡು ಹಾಡಿಸಿದಳು, ತೋಳನ್ನು ಸೊಂಡಿಲು ಮಾಡಿ ಕುಣಿಸಿದಳು. ಬೋರ್ಡಿನ ಮುಂದೆ ಕರೆದು, "ಮಾಷ್ ಬರೆದ ಅಕ್ಷರದ ಹೊಟ್ಟೆ ನೋಡಿ ಮಕ್ಕಳೇ, ಮೂರು ದೋಸೆ ತಿಂದ ಹಾಗಿದೆ" ಎಂದಳು. ಮಾಷ್ ಅಳಿಸಿ ಮತ್ತೆ ಬರೆದರು. ಒಮ್ಮೆಯೂ ಎದುರಾಡಲಿಲ್ಲ. ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು:

"ನಾಳೆಯೂ ಬರ್ಲಾ ಟೀಚರೇ?"

"ಬನ್ನಿ."

ಬಿಡುಗಡೆ ಬೇಡುತ್ತಿದ್ದಾರೆ ಎಂದುಕೊಂಡು ಅವಳು ಒಳಗೇ ಹಿಗ್ಗುತ್ತಿದ್ದಳು.

ನಿವೇದನ ಅಳುವೂ ವಿಚಿತ್ರ. ಬೆಳಿಗ್ಗೆ ಅಜ್ಜನ ಮುಖ ನೋಡಿ ರಾಗ ಎಳೆಯುತ್ತಿದ್ದ. ಕಣ್ಣಲ್ಲಿ ಒಂದು ಹನಿಯೂ ಇರುತ್ತಿರಲಿಲ್ಲ. ಆಟದ ಹೊತ್ತಿಗೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಇಷ್ಟೊಂದು ಮಕ್ಕಳನ್ನು ಕಂಡ ಪ್ರಸೀತಾಳಿಗೆ ಅದು ತಿಳಿಯದ್ದಲ್ಲ. ಬೇಕಿರಲಿಲ್ಲ, ಅಷ್ಟೇ.

ಅವನ ತಾಯಿ ಜಿಷಾ ಫೋನ್ ಮಾಡಿದಳು. "ಮನೇಲಿ ಶಾಲೆ ಅಂದ್ರೆ ಕುಣೀತಾನೆ ಟೀಚರೇ. ಅಲ್ಲಿ ಇನ್ನೂ ಅಳ್ತಾನಾ? ಮಾವನಿಗೆ ಸೊಂಟ ಹಿಡ್ಕೊಂಡಿದೆ. ಬೇಡ ಅಂದ್ರೆ ಕೇಳಲ್ಲ."

"ಇನ್ನೂ ಸ್ವಲ್ಪ ದಿನ ಬೇಕು."

ಮರುದಿನ ಪಾಠದ ನಡುವೆ ಮಾಷ್ ಕಿರುಬೆರಳು ಎತ್ತಿದರು.

ಪ್ರಸೀತಾಳ ಕೈಯ ಸೀಮೆಸುಣ್ಣ ನಿಂತಿತು. ಈ ಗಳಿಗೆಗಾಗಿಯೇ ತಾನು ಟೀಚರಾದೆನೋ ಎನ್ನಿಸಿತು.

"ಬೆಲ್ ಆಗ್ಲಿ ಮಾಷೇ."

"ವಯಸ್ಸಾಯ್ತಲ್ಲ ಟೀಚರೇ, ತಡಿಯೋಕಾಗಲ್ಲ."

"ಇಲ್ಲಿ ಎಲ್ರೂ ತಡೀಬೇಕು. ಆರು ವರ್ಷದವರೂ."

ಮಾಷ್ ಕೈ ಇಳಿಸಿದರು. ಬಾಗಿಲು ತೆರೆದೇ ಇತ್ತು, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ತೊಡೆ ಬಿಗಿದು, ತಲೆ ತಗ್ಗಿಸಿ ಕೂತರು. ಅವಳು ನಿಧಾನವಾಗಿ, ತೀರಾ ನಿಧಾನವಾಗಿ ಬೋರ್ಡು ತುಂಬ ಬರೆದಳು.

"ಟೀಚರ್, ನೀರು!" ಎಂದಿತೊಂದು ಮಗು.

ಬಿಳಿಯ ಮುಂಡು ಒದ್ದೆಯಾಗಿ ಬೆಂಚಿನಡಿ ತೊಟ್ಟಿಕ್ಕುತ್ತಿತ್ತು. ಕ್ಲಾಸು ಹೋ ಎಂದು ನಕ್ಕಿತು. ಪ್ರಸೀತಾಳ ಹೊಟ್ಟೆ ತಣ್ಣಗಾಯಿತು. ನಗು ನಿಲ್ಲುವವರೆಗೂ ಅವಳು ಕಾದಳು.

ಮಾಷ್ ಎದ್ದು ಮೂಲೆಯ ಒರೆಸುವ ಬಟ್ಟೆ ತಂದರು. ಸೊಂಟ ಹಿಡಿದುಕೊಂಡು ಬಗ್ಗಿ, ಮೊದಲು ಬೆಂಚು, ಆಮೇಲೆ ನೆಲ ಒರೆಸಿದರು. ಬಾಗಿಲಿಗೆ ಹೋಗಿ ತಿರುಗಿ ನಿಂತರು.

"ನಾಳೆಯೂ ಬರ್ಲಾ ಟೀಚರೇ?"

ಅದೇ ದನಿ. ಒಂದಿಷ್ಟೂ ಬದಲಾಗಿರಲಿಲ್ಲ.

"ಬೇಡ. ಸಾಕು" ಎಂದಳು.

ಮರುದಿನ ನಿವೇದ್ ಆಟೋದಿಂದ ಒಬ್ಬನೇ ಧುಮುಕಿ, ಕುಣಿಯುತ್ತಾ ಒಳಗೆ ಬಂದ. ಅಳುವ ಸುಳಿವೇ ಇಲ್ಲ.

"ಇವತ್ತು ಅಚ್ಚಾಚ ಬೇಡ್ವೇನೋ? ಅಳಲ್ವಾ?"

ನಿವೇದ್ ಸುತ್ತ ನೋಡಿದ. ಅವಳನ್ನು ಬಗ್ಗಿಸಿಕೊಂಡು, ಗುಟ್ಟು ಹೇಳುವವನಂತೆ ಕಿವಿಗೆ ಬಾಯಿ ಹಚ್ಚಿದ.

"ಟೀಚರ್‌ಗೆ ಅಚ್ಚಾಚನ ಮೇಲಿರೋ ಸಿಟ್ಟು ತೀರೋ ತನಕ ದಿನಾ ಅಳ್ತಾ ಇರು ಮೋನೇ ಅಂತ ಅಚ್ಚಾಚ ಹೇಳಿದ್ರು. ತೀರ್ತಾ ಟೀಚರ್?"