ಪೊರಕೆಯ ಗಿಟಾರು

ಹಾಡು ಮುಗಿದಾಗ ಮೈಥಿಲಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಮೆರಿಕದ ಸರಟೋಗಾ ಊರಿನ ಅವಳ ಮನೆಯಲ್ಲಿ ಆ ಸಂಜೆ ಬಂದವರೆಲ್ಲ ಸ್ಪೀಕರಿನಲ್ಲಿ ತಮಗಿಷ್ಟವಾದ ಒಂದು ಹಳೆಯ ಹಾಡು ಹಾಕಿ, ಅದರ ನೆನಪು ಹೇಳಬೇಕಿತ್ತು. ಅಫ್ರೋಜ್ ಹಾಕಿದ್ದು ಎಪ್ಪತ್ತರ ದಶಕದ ಒಂದು ರಾಕ್ ಹಾಡು. ಮೈಸೂರಿನ ಮನೆಯಲ್ಲಿ ಕರೆಂಟು ಹೋಗಿ ಟೇಪ್ ರೆಕಾರ್ಡರ್ ನಿಂತಾಗಲೆಲ್ಲ, ಅಣ್ಣ ಪೊರಕೆ ಎತ್ತಿಕೊಂಡು ಉಳಿದ ಗಿಟಾರನ್ನು ಬಾಯಲ್ಲೇ ಬಾರಿಸಿ ಮುಗಿಸುತ್ತಿದ್ದುದನ್ನು ಅವನು ಎದ್ದು ನಿಂತು ಅಭಿನಯಿಸಿದ್ದ.

ಅದು ಅವನ ಅಣ್ಣನಲ್ಲ, ಹೆಂಡತಿ ಮೆಹ್ರೀನಳ ಅಣ್ಣ. ಮದುವೆಯಾದ ಹೊಸತರಲ್ಲಿ ಅವಳು ಹೇಳಿದ್ದನ್ನು, ಅವಳಿಲ್ಲದ ಆಫೀಸು ಪಾರ್ಟಿಗಳಲ್ಲಿ ತನ್ನದೆಂದು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಇವತ್ತು ಅವಳು ಪಕ್ಕದಲ್ಲೇ ಇದ್ದಾಳೆಂಬುದು ಹೊಳೆದದ್ದು ಚಪ್ಪಾಳೆ ಬಿದ್ದ ಮೇಲೆ. ಮುಂದಿನ ಸರದಿ ಅವಳದು. ಅವಳ ಫೋನಿನಲ್ಲಿ ಅದೇ ಹಾಡು ಸಿದ್ಧವಾಗಿತ್ತು. ಅವಳು ಫೋನನ್ನು ಮೆಲ್ಲಗೆ ಮಗುಚಿಟ್ಟಳು.

"ನಿಮ್ಮಣ್ಣ ಈಗ ಎಲ್ಲಿದ್ದಾರೆ, ಅಫ್ರೋಜ್?" ಮೈಥಿಲಿಯ ಗಂಡ ತಿರುಮಲೇಶ ಕೇಳಿದ.

ಅಫ್ರೋಜ್ ಹೆಂಡತಿಯ ಮುಖ ನೋಡಿದ.

"ಕೋವಿಡ್ ಟೈಮಲ್ಲಿ ಹೋಗ್ಬಿಟ್ರು," ಅಂದಳು ಮೆಹ್ರೀನ್. "ಮುಖ ನೋಡೋಕೂ ಆಗ್ಲಿಲ್ಲ."

ಕೋಣೆಯೆಲ್ಲ ಅಫ್ರೋಜನ ಕಡೆ ತಿರುಗಿತು. ತಿರುಮಲೇಶ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಸಾರಿ ಕಣ್ರೀ. ಗೊತ್ತಿರ್ಲಿಲ್ಲ."

ಮೆಹ್ರೀನಳನ್ನು ಯಾರೂ ನೋಡಲಿಲ್ಲ.

"ಥ್ಯಾಂಕ್ಸ್," ಅಂದ ಅಫ್ರೋಜ್, ತಲೆ ಎತ್ತದೆ.