ಜವರಪ್ಪ ಇಳಿಸಿದ ಏಳು ಕೆಜಿ

ಗರಡಿಮನೆಯ ಮಾತನ್ನು ಹೊರಗೆ ಆಡಬಾರದು ಎನ್ನುತ್ತಾರೆ. ಒಂದು ದಿನವೂ ಆ ಮಣ್ಣಿಗಿಳಿಯದ ನಾನು ಇದನ್ನು ಹೇಳಲು ಹೊರಟಿದ್ದಕ್ಕೆ ಹಿರಿಯರು ಮನ್ನಿಸಬೇಕು.

ಜವರಪ್ಪ ಪೈಲ್ವಾನನನ್ನು ಹಿಂದಿನ ಎರಡು ವರ್ಷವೂ ಜಾತ್ರೆಯ ಕುಸ್ತಿಯಲ್ಲಿ ಬೇರೊಂದು ಗರಡಿಯ ಚೆಲುವರಾಜನೇ ಚಿತ್ ಮಾಡಿದ್ದ. ಈ ಸಲವೂ ಬೆನ್ನಿಗೆ ಮಣ್ಣು ಹತ್ತಿದರೆ ಗರಡಿಯಲ್ಲಿ ತಲೆಯೆತ್ತುವಂತಿರಲಿಲ್ಲ. ಕುಸ್ತಿಗೆ ಮೊದಲು ತೂಕ ನೋಡಿ, ಸರಿಸಮ ಇದ್ದವರನ್ನು ಜೋಡಿ ಕಟ್ಟುವುದು ಅಲ್ಲಿಯ ಪದ್ಧತಿ. ಇಬ್ಬರದೂ ಒಂದೇ ತೂಕ. ತಾನು ಏಳು ಕೆಜಿ ಇಳಿದುಬಿಟ್ಟರೆ ಚೆಲುವರಾಜನ ಕೈಗೆ ಸಿಗುವುದೇ ಇಲ್ಲ ಎಂದುಕೊಂಡ ಜವರಪ್ಪ ತುಪ್ಪ, ಬಾದಾಮಿ ಬಿಟ್ಟ. ಉರಿಬಿಸಿಲಿನಲ್ಲಿ ಕಂಬಳಿ ಹೊದ್ದು ಓಡಿದ.

"ಕುಸ್ತಿ ಹತ್ರ ಬಂದ್ರೆ ಎಲ್ರೂ ಮೈ ಕಟ್ತಾರೆ, ನೀನೇನ್ಲಾ ಕರಗುಸ್ತಾ ಇದ್ದೀಯ?" ಎಂದು ಉಸ್ತಾದರು ಗದರಿದರು.

"ಹಗುರಾದ್ರೆ ಚುರುಕಾಯ್ತೀನಿ, ಉಸ್ತಾದ್ರೇ."

"ಚುರುಕಲ್ಲ ಕಣ್ಲಾ, ಗಾಳಿಗೆ ಹಾರೋಯ್ತೀಯ!"

ಜೋಡಿ ಕಟ್ಟುವ ದಿನ ತೂಕದ ಮುಳ್ಳು ಅವನು ಬಯಸಿದಲ್ಲೇ ನಿಂತಿತು. ಜವರಪ್ಪ ನಿಟ್ಟುಸಿರು ಬಿಟ್ಟ.

"ಇದೇ ತೂಕದವನು ಇನ್ನೊಬ್ಬ ಅವ್ನೆ, ಬಾರಪ್ಪಾ ಮುಂದಕ್ಕೆ" ಎಂದು ಯಾರೋ ಕೂಗಿದರು.

ಕೆನ್ನೆ ಬತ್ತಿ, ಪಕ್ಕೆಲುಬು ಎದ್ದವನೊಬ್ಬ ಮುಂದೆ ಬಂದ. ಚೆಲುವರಾಜ!

ಆಮೇಲೆ ಗೆದ್ದವರು ಯಾರೆಂದು ನನಗೆ ಇವತ್ತಿಗೂ ತಿಳಿಯದು. ಕೈ ಕೊಡುವಾಗ ಚೆಲುವರಾಜ ಪಿಸುಗುಟ್ಟಿದ್ದು ಮಾತ್ರ ಗೊತ್ತು: "ಹೋದ್ಸಲ ನೀನು ಅಮುಕಿದ ಕತ್ತು ಇನ್ನೂ ತಿರುಗ್ತಿಲ್ಲ ಕಣಣ್ಣಾ. ನಿನ್ನ ಕೈಯಿಂದ ತಪ್ಪುಸ್ಕೊಳ್ಳೋಕೇ ಮೂರು ತಿಂಗ್ಳಿಂದ ಹೊಟ್ಟೆ ತುಂಬ ಉಂಡಿಲ್ಲ."