ರಾಜದಂಡದ ಮುಖಗಳು

ಕಲ್ಲಿನ ರಾಜದಂಡದ ಮೇಲೆ ತೀರಿಹೋದ ಅರಸರ ಮುಖಗಳನ್ನಷ್ಟೇ ಕೆತ್ತಿಸುವುದು ಆ ವಂಶದ ಪದ್ಧತಿ. ಕಣ್ಣು ಕಳೆದುಕೊಂಡಿದ್ದ ಮುದಿ ಅರಸ ದಿನವೂ ಆ ಮುಖಗಳನ್ನು ತಡವಿ, ಹಿರಿಯರನ್ನು ನೆನೆದೇ ಮಲಗುತ್ತಿದ್ದ.

ಹೊಳಪು ಕೊಡಿಸಲು ಒಯ್ದಿದ್ದ ದಂಡವನ್ನು ಆ ಸಂಜೆ ಮಗನೇ ತಂದುಕೊಟ್ಟ. ಜೊತೆಗೆ ಹಾಲಿನ ಬಟ್ಟಲನ್ನೂ ತಂದಿದ್ದ. ಅರಸನ ಬೆರಳು ಅಜ್ಜನ ಮುಖವನ್ನು ದಾಟಿತು, ಅಪ್ಪನ ಮುಖವನ್ನೂ ದಾಟಿ ನಿಂತಿತು.

"ಅಪ್ಪನ ಕೆಳಗೆ ಇನ್ನೊಂದು ಮುಖ ಇದೆಯಲ್ಲ ಮಗಾ."

"ಹೌದು ಅಪ್ಪಾಜಿ, ಹೊಸದು."

"ಹುಬ್ಬಿನ ಮೇಲೆ ಕತ್ತಿ ಏಟಿನ ಗುರುತೂ ಇದೆ."

ಅರಸ ತನ್ನ ಹುಬ್ಬನ್ನು ಮುಟ್ಟಿಕೊಂಡ. ಅದೇ ಗುರುತು ಅಲ್ಲಿಯೂ ಇತ್ತು.

"ಶಿಲ್ಪಿ ಚೆನ್ನಾಗಿ ಕೆತ್ತಿದ್ದಾನೆ," ಎಂದ.

"ನಾನೇ ಪಕ್ಕದಲ್ಲಿ ನಿಂತು ಕೆತ್ತಿಸಿದೆ. ಹಾಲು ಆರಿಹೋಗುತ್ತೆ, ಕುಡಿದುಬಿಡಿ ಅಪ್ಪಾಜಿ."